ಕಾಲೀ ಬೇಈನ್: ಜನರು ಮರಳಿ ಪಡೆದ ನದಿ

(ದೆಹಲಿಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಈ ಸಭೆಗೆ ಆಗಮಿಸಿರುವವರಲ್ಲಿ ಹಲವರು ಯಮುನೆಯನ್ನು ದಾಟಿ ಬಂದಿದ್ದೀರಿ. ಸೇತುವೆ ಸಮೀಪಿಸುತ್ತಿದ್ದಂತೆ ಬಸ್ಸಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಬಸ್ಸಿನಲ್ಲಿ ಯಾರೋ ಹಿರಿಯರು ನದಿಗೆ ಕೈಮುಗಿದು ನಾಣ್ಯವೊಂದನ್ನು ಎಸೆಯುವುದೂ ಉಂಟು. ಯಮುನೆಯ ಒಟ್ಟು ಉದ್ದ 1,376 ಕಿಲೋಮೀಟರು. ಅದರಲ್ಲಿ ವಜೀರಾಬಾದಿನಿಂದ ಓಖ್ಲಾದವರೆಗಿನ ನಗರದ ಭಾಗ ಕೇವಲ 22 ಕಿಲೋಮೀಟರು, ಅಂದರೆ ನೂರಕ್ಕೆ ಎರಡು ಪಾಲಿಗಿಂತಲೂ ಕಡಿಮೆ. ಆದರೆ ಈ ನದಿಯನ್ನು ಸೇರುವ ಕಶ್ಮಲದ ಬಹುಭಾಗ ಸೇರುವುದು ಈ 22 ಕಿಲೋಮೀಟರುಗಳಲ್ಲಿಯೇ.

ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರಿಗೆ ಒಂದು ಸುಲಭವಾದ ಸಮಾಧಾನವಿದೆ. ನಮ್ಮ ನದಿ ಕಾವೇರಿ, ತುಂಗೆ, ಕೃಷ್ಣೆ. ಇದು ಈ ಊರಿನವರ ನದಿ, ಇದರ ಚಿಂತೆ ಅವರದು ಎಂಬ ಭಾವನೆ. ಮುಂಬಯಿಯಲ್ಲಿ ಮೀಠಿ ನದಿಯ ಬಗೆಗೂ, ಪುಣೆಯಲ್ಲಿ ಮುಳಾ-ಮುಠಾ ನದಿಗಳ ಬಗೆಗೂ, ಚೆನ್ನೈನಲ್ಲಿ ಕೂವಂ ಬಗೆಗೂ ಕನ್ನಡಿಗರು ಹೀಗೆಯೇ ಭಾವಿಸಿರಬಹುದು. ಆದರೆ ನಮ್ಮ ಅಡಿಗೆಮನೆಯ ಬಚ್ಚಲ ನೀರು ಊರಿಗೆ ಹಿಂದಿರುಗಿ ಕಾವೇರಿಯನ್ನು ಸೇರುವುದಿಲ್ಲವಷ್ಟೆ. ಅದು ಇಲ್ಲಿಯ ನಾಲೆಯನ್ನೇ ಹಿಡಿಯುತ್ತದೆ.

ಇಂದು ಯಮುನೆಯ ಬಗೆಗೆ ಮಾತನಾಡಬೇಕೆಂದು ಸಂಘಟಕರು ಅಪೇಕ್ಷಿಸಿದ್ದರು. ಅವರ ಅನುಮತಿ ಪಡೆದು ನಾನು ಪಂಜಾಬಿನ ಒಂದು ಚಿಕ್ಕ ನದಿಯ ಕಥೆಯನ್ನು ಹೇಳಲು ಬಯಸುತ್ತೇನೆ. ಅದರ ಹೆಸರು ಕಾಲೀ ಬೇಈನ್. ಯಮುನೆಯ ಬಗೆಗೆ ಹೇಳಹೊರಟರೆ ಯೋಜನೆಗಳ ಪಟ್ಟಿಯೇ ಭಾಷಣವಾಗುತ್ತದೆ. ಬೇಈನ್ ನದಿಯ ವಿಷಯದಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯ ಜನರು ನೀರಿಗಿಳಿದು ಏನನ್ನು ಸಾಧಿಸಿದರು, ಏನನ್ನು ಸಾಧಿಸಲಾಗಲಿಲ್ಲ ಎಂಬ ಎರಡೂ ಸಂಗತಿಗಳು ಸ್ಪಷ್ಟವಾಗಿ ಕಾಣುತ್ತವೆ.

ಈ ನದಿ ಹೋಶಿಯಾರ್‌ಪುರ ಜಿಲ್ಲೆಯ ದಸೂಹಾ ಪ್ರದೇಶದಲ್ಲಿ ಬಿಯಾಸ್ ನದಿಯ ಆಸುಪಾಸಿನ ಒರತೆ ನೆಲದಲ್ಲಿ ಹುಟ್ಟುತ್ತದೆ. ಅಲ್ಲಿಂದ ಸುಮಾರು 160 ಕಿಲೋಮೀಟರು ಹರಿದು, ಕಪೂರ್ಥಲಾ ಜಿಲ್ಲೆಯನ್ನು ಹಾದು, ಬಿಯಾಸ್ ಮತ್ತು ಸತ್ಲಜ್ ನದಿಗಳು ಕೂಡುವ ಹರಿಕೆಯ ಬಳಿ ಅವುಗಳನ್ನು ಸೇರುತ್ತದೆ. ಕಪೂರ್ಥಲಾ ಪಟ್ಟಣದ ಹತ್ತಿರ ಇದೇ ನದಿಗೆ 1870ರಲ್ಲಿ ಅಡ್ಡಗಟ್ಟೆ ಕಟ್ಟಿದುದರಿಂದ ಕಾಂಜಲಿ ಎಂಬ ಜೌಗುಪ್ರದೇಶ ರೂಪುಗೊಂಡಿತು. 2002ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು.

ಭೂಗೋಳಕ್ಕಿಂತ ಮಿಗಿಲಾದ ಮಹತ್ವವೂ ಈ ನದಿಗೆ ಇದೆ. ಅದರ ದಡದ ಸುಲ್ತಾನ್‌ಪುರ ಲೋಧಿ ಎಂಬ ಊರಿನಲ್ಲಿ ಗುರು ನಾನಕರು ತಮ್ಮ ಯೌವನದ ಹಲವು ವರ್ಷಗಳನ್ನು ಕಳೆದರು. ಅವರ ಅಕ್ಕ ಬೇಬೇ ನಾನಕಿಯವರ ಮನೆ ಅಲ್ಲಿಯೇ ಇತ್ತು. ದೌಲತ್ ಖಾನ್ ಲೋಧಿಯ ಉಗ್ರಾಣದಲ್ಲಿ ಅವರು ಧಾನ್ಯದ ಲೆಕ್ಕ ನೋಡಿಕೊಳ್ಳುತ್ತಿದ್ದರು. ಒಂದು ದಿನ ಸ್ನಾನಕ್ಕೆಂದು ಬೇಈನ್ ನದಿಗೆ ಇಳಿದವರು ಮೂರು ದಿನ ಕಾಣಲಿಲ್ಲವೆಂದೂ, ಹೊರಬಂದಾಗ ಜ್ಞಾನೋದಯ ಪಡೆದಿದ್ದರೆಂದೂ ಸಿಖ್ಖರ ನಂಬಿಕೆ. ಅವರು ತಮ್ಮ ದೀರ್ಘ ಯಾತ್ರೆಗಳಿಗೆ ಹೊರಟದ್ದು ಈ ಊರಿನಿಂದ. ಆ ಯಾತ್ರೆಗಳಲ್ಲೊಂದು ಅವರನ್ನು ನಮ್ಮ ಬೀದರಿಗೆ ಕರೆತಂದಿತು ಎಂಬುದು ಪರಂಪರೆ. ಬೀದರಿನಲ್ಲಿ ಕುಡಿಯುವ ನೀರಿಗೆ ಹಾಹಾಕಾರವಿತ್ತು, ಗುರುಗಳ ಪಾದಸ್ಪರ್ಶದಿಂದ ಬಂಡೆಯ ಅಡಿಯಿಂದ ಸಿಹಿನೀರು ಚಿಮ್ಮಿತು ಎಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಆ ಸ್ಥಳವೇ ನಾನಕ್ ಝಿರಾ. ಝಿರಾ ಎಂದರೆ ಒರತೆ. ಬೀದರಿನ ಒರತೆಯ ನೀರನ್ನು ಯಾತ್ರಿಕರು ಬಾಟಲಿಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಸುಲ್ತಾನ್‌ಪುರದ ನದಿಯ ನೀರನ್ನು ಬೊಗಸೆಯಲ್ಲಿ ಹಿಡಿಯಲೂ ಸಾಧ್ಯವಿರಲಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೇಈನ್ ನದಿಯೆಂದು ಗುರುತಿಸಲಾಗದ ಸ್ಥಿತಿಗೆ ಬಂದಿತ್ತು. ದಡದ ಪಟ್ಟಣಗಳು ಮತ್ತು ನಲವತ್ತಕ್ಕೂ ಹೆಚ್ಚು ಹಳ್ಳಿಗಳು ತಮ್ಮ ಕೊಳಚೆಯನ್ನು ನೇರವಾಗಿ ಅದಕ್ಕೆ ಬಿಡುತ್ತಿದ್ದವು. ಮೇಲ್ಭಾಗದಲ್ಲಿ ಪಾತ್ರ ಹೂತುಹೋಗಿ ನೀರು ಮುಂದಕ್ಕೆ ಹರಿಯದೆ ಹೊಲಗಳಲ್ಲಿ ಜೌಗು ಉಂಟಾಗಿತ್ತು. ಕೆಳಭಾಗದಲ್ಲಿ ಹರಿವಿಲ್ಲದೆ ಬಾವಿಗಳು ಬತ್ತುತ್ತಿದ್ದವು. ಕೆಲವೆಡೆ ನದಿಯ ಪಾತ್ರವನ್ನೇ ಒತ್ತುವರಿ ಮಾಡಿ ಉತ್ತು ಬಿತ್ತಲಾಗಿತ್ತು. ಉಳಿದ ನೀರಿನ ಮೇಲೆಲ್ಲ ನೇರಳೆ ಹೂವಿನ ಜಲಕಳೆ ದಟ್ಟವಾಗಿ ಹಬ್ಬಿತ್ತು. ನಮ್ಮ ಕಡೆ ಅಂತರಗಂಗೆ ಎಂದು ಕರೆಯುವುದೂ ಈ ಕಳೆಯನ್ನೇ. ದಕ್ಷಿಣ ಅಮೆರಿಕದ ಈ ಸಸ್ಯ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ಬಂದದ್ದು. ಕೊಳಚೆ ನೀರಿನ ಸಾರಜನಕ ಮತ್ತು ರಂಜಕವೇ ಅದಕ್ಕೆ ಗೊಬ್ಬರ. ಅನುಕೂಲವಾದ ಹವೆಯಲ್ಲಿ ಎರಡು ವಾರಗಳಲ್ಲಿ ಅದು ಇಮ್ಮಡಿಯಾಗಬಲ್ಲುದು. ಒಂದು ಸಣ್ಣ ತುಂಡು ಉಳಿದರೂ ಸಾಕು, ಮತ್ತೆ ಹಬ್ಬುತ್ತದೆ.

2000ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಜಲಂಧರ್ ನಗರದಲ್ಲಿ ಈ ನದಿಯ ದುಃಸ್ಥಿತಿಯನ್ನು ಚರ್ಚಿಸಲು ಒಂದು ಸಭೆ ಸೇರಿತು. ನಾವು ಇಂದು ಸೇರಿರುವಂಥದೇ ಸಭೆ ಎನ್ನಬಹುದು. ಅಲ್ಲಿ ಸೀಚೇವಾಲ್ ಎಂಬ ಹಳ್ಳಿಯ ಸಂತ ಬಲಬೀರ್ ಸಿಂಗ್ ಸೀಚೇವಾಲ್ ಅವರೂ ಇದ್ದರು. ಅದಕ್ಕೆ ಮುಂಚೆ ಅವರು ತಮ್ಮ ಸುತ್ತಿನ ಹಳ್ಳಿಗಳಲ್ಲಿ ಜನರನ್ನು ಕೂಡಿಸಿಕೊಂಡು ರಸ್ತೆಗಳನ್ನು ನಿರ್ಮಿಸಿದ್ದರು. ಮಾತು ಮುಗಿದ ಬಳಿಕ ಅವರು ಮತ್ತೊಂದು ಸಭೆಯ ದಿನಾಂಕವನ್ನು ಕೇಳಲಿಲ್ಲ. ತಮ್ಮ ಸಂಗಡಿಗರೊಡನೆ ಸುಲ್ತಾನ್‌ಪುರಕ್ಕೆ ಹೋಗಿ ನದಿಗೆ ಇಳಿದರು.

ಅವರು ಈ ಕೆಲಸವನ್ನು ಕರೆದದ್ದು ಕಾರ್ ಸೇವೆ ಎಂದು. ದೇವಾಲಯದ ಸರೋವರದ ಹೂಳನ್ನು ಭಕ್ತರೇ ತಲೆಯ ಮೇಲೆ ಹೊತ್ತು ತೆಗೆಯುವ ಪದ್ಧತಿ ಸಿಖ್ಖರಲ್ಲಿ ಇದೆ. ಅಮೃತಸರದ ಸ್ವರ್ಣಮಂದಿರದ ಸರೋವರದಲ್ಲಿ 1923, 1973 ಮತ್ತು 2004ರಲ್ಲಿ ಈ ಸೇವೆ ನಡೆಯಿತು. ಸೀಚೇವಾಲ್ ಅವರು ಮಾಡಿದ್ದಿಷ್ಟೆ: ಸರೋವರಕ್ಕೆ ಮೀಸಲಾಗಿದ್ದ ಈ ಪದ್ಧತಿಯನ್ನು ನದಿಗೆ ತಂದರು. ನಮಗೂ ಇದು ಅಪರಿಚಿತವಾದ ಭಾವನೆಯಲ್ಲ. ಕೆರೆಯ ದುರಸ್ತಿಗೆಂದು ಬಿತ್ತುವಟ್ಟವಾಗಿ ಭೂಮಿ ಬಿಟ್ಟ ಸಂಗತಿ ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆರೆಯ ಹೂಳು ಊರಿನ ಹೊಣೆ ಎಂಬ ತಿಳಿವಳಿಕೆ ಇದ್ದುದರಿಂದಲೇ ಅಷ್ಟೊಂದು ಕೆರೆಗಳು ಶತಮಾನಗಳ ಕಾಲ ಬಾಳಿದವು.

ಕೆಲಸ ಬಹಳ ಕಠಿಣವಾಗಿತ್ತು. ಎದೆಮಟ್ಟದ ಕೊಳಕು ನೀರಿನಲ್ಲಿ ಸಾಲಾಗಿ ನಿಂತು ಕಳೆಯನ್ನು ಕೈಯಿಂದ ಕಿತ್ತು ದಡಕ್ಕೆ ಸಾಗಿಸಬೇಕು. ಮೊದಲಲ್ಲಿ ಬಂದವರು ಕೆಲವರು. ಬಳಿಕ ಹಳ್ಳಿಹಳ್ಳಿಗಳಿಂದ ಜನ ಬರತೊಡಗಿದರು. ರೈತರು ಟ್ರ್ಯಾಕ್ಟರುಗಳನ್ನು ತಂದರು, ಹೆಂಗಸರು ಲಂಗರಿನ ಅಡಿಗೆಗೆ ನಿಂತರು, ದೂರದೇಶಗಳಲ್ಲಿ ನೆಲೆಸಿದ ಪಂಜಾಬಿಗಳು ಹಣ ಕಳುಹಿಸಿದರು. ಕಳೆ ತೆಗೆದ ನಂತರ ಹೂಳು, ಹೂಳಿನ ನಂತರ ದಡದ ದುರಸ್ತಿ, ಸ್ನಾನಘಟ್ಟಗಳು, ದಡದುದ್ದಕ್ಕೂ ರಸ್ತೆ ಮತ್ತು ಗಿಡಮರಗಳು. ಇದು ಒಂದು ಭಾನುವಾರದ ಕಾರ್ಯಕ್ರಮವಾಗಿರಲಿಲ್ಲ, ವರ್ಷಗಟ್ಟಲೆ ನಡೆಯಿತು. ನಮ್ಮ ನಗರಗಳಲ್ಲಿ ವರ್ಷಕ್ಕೊಮ್ಮೆ ಟೋಪಿ, ಕೈಚೀಲ, ಛಾಯಾಗ್ರಾಹಕರೊಡನೆ ನಡೆಯುವ ನದಿ ಸ್ವಚ್ಛತಾ ದಿನಗಳನ್ನು ನಾನು ಹಳಿಯುವುದಿಲ್ಲ. ಮಕ್ಕಳು ಅಲ್ಲಿ ನದಿಯನ್ನು ಹತ್ತಿರದಿಂದ ನೋಡುತ್ತಾರೆ. ಆದರೆ ಆ ಕೆಲಸಕ್ಕೂ ಈ ಕೆಲಸಕ್ಕೂ ಹೆಸರೊಂದೇ ಸಮಾನ.

ಇಷ್ಟು ಮಾತ್ರ ಆಗಿದ್ದರೆ ನಾನು ಈ ಕಥೆಯನ್ನು ಹೇಳುತ್ತಿರಲಿಲ್ಲ. ಬೇಈನ್ ನದಿಯಲ್ಲಿ ಇಳಿದವರಿಗೆ ಬೇಗನೆ ಅರಿವಾದ ಸತ್ಯವೊಂದಿತ್ತು. ಜಲಕಳೆ ರೋಗವಲ್ಲ, ರೋಗದ ಲಕ್ಷಣ. ಕೊಳಚೆ ಬರುತ್ತಿರುವವರೆಗೆ ಕಿತ್ತ ಕಳೆ ಮತ್ತೆ ಬೆಳೆಯುತ್ತದೆ.

ಇದರ ಹಿಂದಿನ ವಿಜ್ಞಾನವನ್ನು ಸ್ವಲ್ಪ ವಿವರಿಸುತ್ತೇನೆ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಉಸಿರಾಡಿ ಮೀನುಗಳು ಬದುಕುತ್ತವೆ. ಮಲಮೂತ್ರ, ಅನ್ನದ ಗಂಜಿ, ಸಗಣಿ ಮುಂತಾದ ಸಾವಯವ ವಸ್ತುಗಳು ನೀರಿಗೆ ಬಿದ್ದಾಗ ಸೂಕ್ಷ್ಮಜೀವಿಗಳು ಅವುಗಳನ್ನು ಕೊಳೆಸುತ್ತವೆ. ಆ ಕ್ರಿಯೆಗೆ ಅವು ಬಳಸುವುದೂ ಅದೇ ಆಮ್ಲಜನಕವನ್ನು. ಹೀಗೆ ಬೇಕಾಗುವ ಆಮ್ಲಜನಕದ ಪ್ರಮಾಣವನ್ನು ಜೈವಿಕ ಆಮ್ಲಜನಕ ಬೇಡಿಕೆ, ಅಥವಾ ಸಂಕ್ಷೇಪವಾಗಿ ಬಿ.ಓ.ಡಿ. ಎನ್ನುತ್ತಾರೆ. ನಮ್ಮ ದೇಶದ ಮಾನಕದಂತೆ ಸ್ನಾನಯೋಗ್ಯ ನದಿಯಲ್ಲಿ ಬಿ.ಓ.ಡಿ. ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು. ಹರಿಯುವ ನದಿ ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಂಡು ತನ್ನನ್ನು ತಾನೇ ಒಂದಿಷ್ಟು ಶುದ್ಧಪಡಿಸಿಕೊಳ್ಳಬಲ್ಲುದು. ಹರಿವು ನಿಂತು ಮೇಲೆ ಕಳೆಯ ಚಾಪೆ ಹಾಸಿದರೆ ಆ ಶಕ್ತಿಯೂ ಉಡುಗುತ್ತದೆ. ಆದುದರಿಂದ ಬೇಈನ್ ನದಿಗೆ ಎರಡು ಅಗತ್ಯಗಳಿದ್ದವು: ಕೊಳಚೆ ನಿಲ್ಲಬೇಕು, ಒಳ್ಳೆಯ ನೀರು ಹರಿಯಬೇಕು.

ಹರಿವಿನ ಪ್ರಶ್ನೆ ಸರ್ಕಾರದ ಕೈಯಲ್ಲಿತ್ತು. ಮುಕೇರಿಯಾಂ ಜಲವಿದ್ಯುತ್ ಯೋಜನೆಯ ಕಾಲುವೆಯಿಂದ ನದಿಗೆ ನೀರು ಬಿಡಲಾಯಿತು. ಸ್ವಯಂಸೇವಕರು ಪಾತ್ರವನ್ನು ತೆರವುಗೊಳಿಸಿರದಿದ್ದರೆ ಬಿಟ್ಟ ನೀರು ಹೊಲಗಳಿಗೆ ನುಗ್ಗುತ್ತಿತ್ತು. ನೀರು ಬಿಡದಿದ್ದರೆ ತೆರವಾದ ಪಾತ್ರ ಒಣ ಹಳ್ಳವಾಗುತ್ತಿತ್ತು.

ಕೊಳಚೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ಹಳ್ಳಿಗೆ ಹೋಗಿ, ನಿಮ್ಮ ಚರಂಡಿಯನ್ನು ನದಿಗೆ ಬಿಡಬೇಡಿ ಎಂದು ಹೇಳುವುದು ಸುಲಭ. ಹಾಗಾದರೆ ಎಲ್ಲಿಗೆ ಬಿಡಬೇಕು ಎಂದು ಹಳ್ಳಿಯವರು ಕೇಳಿದರೆ ಉತ್ತರ ಬೇಕಲ್ಲವೇ? ಸೀಚೇವಾಲ್ ಅವರ ಹಳ್ಳಿಯಲ್ಲಿ ರೂಪುಗೊಂಡ ಉತ್ತರ ಬಹಳ ಸರಳವಾದುದು. ಮನೆಮನೆಯ ಕೊಳಚೆ ನೀರು ನೆಲದಡಿಯ ಕೊಳವೆಗಳ ಮೂಲಕ ಊರ ಹೊರಗೆ ಬರುತ್ತದೆ. ಅಲ್ಲಿ ಒಂದರ ಪಕ್ಕ ಒಂದು ಬಾವಿಯಂಥ ಗುಂಡಿಗಳು. ಮೊದಲನೆಯದರಲ್ಲಿ ನೀರು ಸುತ್ತುತ್ತ ಭಾರವಾದ ಕಶ್ಮಲ ತಳಕ್ಕೆ ಇಳಿಯುತ್ತದೆ. ಮುಂದಿನದರಲ್ಲಿ ಎಣ್ಣೆ, ಜಿಡ್ಡು, ನೊರೆ ಮೇಲೆ ತೇಲಿ ಉಳಿದುಕೊಳ್ಳುತ್ತವೆ. ತಿಳಿಯಾದ ನೀರು ಕೊನೆಗೆ ಒಂದು ಕೊಳವನ್ನು ಸೇರಿ ಬಿಸಿಲು, ಗಾಳಿ, ಪಾಚಿಗಳ ಸಹಾಯದಿಂದ ಇನ್ನಷ್ಟು ಶುದ್ಧವಾಗುತ್ತದೆ. ಅಲ್ಲಿಂದ ಅದನ್ನು ಪಂಪಿನ ಮೂಲಕ ಹೊಲಗಳಿಗೆ ಹಾಯಿಸುತ್ತಾರೆ. ಆ ನೀರಿನಲ್ಲಿ ಉಳಿದ ಸಾರಜನಕ ಮತ್ತು ರಂಜಕ ಬೆಳೆಗೆ ಆಹಾರ. ನದಿಯಲ್ಲಿ ಕಳೆಯನ್ನು ಬೆಳೆಸುತ್ತಿದ್ದ ವಸ್ತುವೇ ಗದ್ದೆಯಲ್ಲಿ ಗೊಬ್ಬರದ ಖರ್ಚನ್ನು ತಗ್ಗಿಸುತ್ತದೆ. ಕೊಳವೆ ಬಾವಿಗಳಿಂದ ಅಂತರ್ಜಲವನ್ನು ಬಸಿದು ಭತ್ತ ಬೆಳೆಯುವ ಪಂಜಾಬಿನಲ್ಲಿ ಈ ನೀರಿನ ಬೆಲೆ ಕಡಿಮೆಯದಲ್ಲ. ರೈತನು ಈ ನೀರನ್ನು ತನ್ನದೆಂದು ಕೇಳಿ ಪಡೆಯತೊಡಗಿದ ಮೇಲೆ ಅದು ನದಿಗೆ ಹೋಗದಂತೆ ಕಾಯಲು ಬೇರೆ ಕಾವಲುಗಾರ ಬೇಕಾಗಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಯತ್ನದ ತಿರುಳು ಇದು. ಘಟ್ಟಗಳೂ ದೀಪಗಳೂ ಅದರ ನಂತರದವು.

ಈ ಕಾರ್ಯದ ಕೀರ್ತಿ ಹಬ್ಬಿತು. 2006ರ ಆಗಸ್ಟ್‌ನಲ್ಲಿ ಅಂದಿನ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಸುಲ್ತಾನ್‌ಪುರ ಲೋಧಿಗೆ ಬಂದು ನದಿಯನ್ನು ವೀಕ್ಷಿಸಿದರು. 2008ರಲ್ಲಿ ಟೈಮ್ ಪತ್ರಿಕೆ ಸೀಚೇವಾಲ್ ಅವರನ್ನು ಪರಿಸರದ ವೀರರ ಪಟ್ಟಿಯಲ್ಲಿ ಸೇರಿಸಿತು. 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು; 2022ರಲ್ಲಿ ಅವರು ರಾಜ್ಯಸಭೆಯ ಸದಸ್ಯರಾದರು. ಗಂಗಾತೀರದ ಹಳ್ಳಿಗಳಿಗೂ ಈ ಬಾವಿ-ಕೊಳದ ಮಾದರಿಯನ್ನು ಒಯ್ಯುವ ವಿಚಾರ ಕೇಂದ್ರ ಸರ್ಕಾರದ ಮಟ್ಟದಲ್ಲಿ ನಡೆಯಿತು. 2019ರ ನವೆಂಬರ್‌ನಲ್ಲಿ ಗುರು ನಾನಕರ 550ನೆಯ ಜಯಂತಿಗೆ ಬಂದ ಭಕ್ತಸಮೂಹ ಇದೇ ನದಿಯಲ್ಲಿ ಮಿಂದಿತು.

ಆದರೆ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಕೀರ್ತಿ ಬಂದ ಮೇಲೆಯೂ, 2010ರ ದಶಕದಲ್ಲಿ, ಬೇಈನ್ ನದಿಯಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಹರಿವು ಕ್ಷೀಣಿಸಿದ ದಿನಗಳಲ್ಲಿ ಶುದ್ಧೀಕರಿಸದ ಕೊಳಚೆ ಬಂದು ಸೇರಿದರೆ ಆಮ್ಲಜನಕ ಥಟ್ಟನೆ ಕುಸಿಯುತ್ತದೆ. ಕೆಲವು ಗಂಟೆಗಳ ಅಜಾಗರೂಕತೆ ಕೆಲವು ವರ್ಷಗಳ ದುಡಿಮೆಯನ್ನು ನುಂಗುತ್ತದೆ. ಅದೇ ಸ್ವಯಂಸೇವಕರು ಸತ್ತ ಮೀನುಗಳನ್ನೂ ಎತ್ತಿ ಹಾಕಬೇಕಾಯಿತು. ಕಾನೂನು ಇರಲಿಲ್ಲವೆಂದಲ್ಲ. ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮ 1974ರಿಂದಲೇ ಇದೆ. ಮಲಿನ ವಸ್ತುವನ್ನು ತಿಳಿದೂ ತಿಳಿದೂ ಹೊಳೆಗೆ ಬಿಡುವುದನ್ನು ಅದರ 24ನೆಯ ಪ್ರಕರಣ ನಿಷೇಧಿಸುತ್ತದೆ. ನದಿಗಳನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ಅನುಚ್ಛೇದ 1976ರ ತಿದ್ದುಪಡಿಯ ಮೂಲಕ ಹೇಳಿದೆ. ಶುದ್ಧೀಕರಣ ಘಟಕಗಳೂ ಬಂದವು. ಆದರೆ ಘಟಕವನ್ನು ಕಟ್ಟುವುದು ಒಂದು, ಹಗಲಿರುಳು ನಡೆಸುವುದು ಇನ್ನೊಂದು. ಆ ಎರಡನೆಯದನ್ನು ಶ್ರಮದಾನದಿಂದ ಮಾಡಲಾಗದು. ಅದಕ್ಕೆ ವಿದ್ಯುತ್ತು, ತಂತ್ರಜ್ಞರು, ಪ್ರತಿ ತಿಂಗಳ ಸಂಬಳ, ಮೇಲ್ವಿಚಾರಣೆ ಬೇಕು. ಅದು ಸ್ಥಳೀಯ ಸಂಸ್ಥೆಯ ಹೊಣೆ.

ಸೀಚೇವಾಲ್ ಅವರು 2024ರಲ್ಲಿ ಲೂಧಿಯಾನಾದ ಬುಢಾ ದರಿಯಾದಲ್ಲಿ ಕಾರ್ ಸೇವೆ ಆರಂಭಿಸಿದಾಗ ಈ ಮಿತಿ ಇನ್ನೂ ಸ್ಪಷ್ಟವಾಯಿತು. ಸತ್ಲಜ್ ನದಿಯನ್ನು ಸೇರುವ ಆ ಹೊಳೆಗೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರು, ಲೋಹಲೇಪನದ ಘಟಕಗಳ ನೀರು, ನಗರದ ಹಾಲಿನ ಡೈರಿಗಳ ಸಗಣಿ, ಮಹಾನಗರದ ಕೊಳಚೆ ಎಲ್ಲವೂ ಬಂದು ಬೀಳುತ್ತವೆ. ಇಲ್ಲಿ ಕೈಯಿಂದ ಕೀಳಬಹುದಾದ ಕಳೆ ಮುಖ್ಯ ಶತ್ರುವಲ್ಲ. ಬಣ್ಣವನ್ನೂ ಭಾರಲೋಹವನ್ನೂ ಬಾವಿ-ಕೊಳದ ಪದ್ಧತಿ ತೆಗೆಯಲಾರದು. ಅಂಥ ನೀರನ್ನು ಕಾರ್ಖಾನೆಯ ಬಾಗಿಲಲ್ಲಿಯೇ ಶುದ್ಧಪಡಿಸಬೇಕು. ಹಳ್ಳಿಯ ನದಿಯ ಪಾಠ ಕೈಗಾರಿಕಾ ನಗರಕ್ಕೆ ಎಷ್ಟು ಹೊಂದುತ್ತದೆ ಎಂಬುದರ ಪರೀಕ್ಷೆ ಅದು. ದೆಹಲಿ, ಮುಂಬಯಿ, ಹೈದರಾಬಾದ್‌ಗಳಲ್ಲಿರುವ ನಮಗೆ ಬೇಈನ್ ನದಿಗಿಂತ ಅದೇ ಹತ್ತಿರದ ಉದಾಹರಣೆ.

ಹೈದರಾಬಾದಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. 1908ರಲ್ಲಿ ಮೂಸೀ ನದಿ ಉಕ್ಕಿ ಆ ನಗರವನ್ನು ಧ್ವಂಸಮಾಡಿದಾಗ ನಿಜಾಮ ಸರ್ಕಾರ ಕರೆಸಿಕೊಂಡದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಪ್ರವಾಹ ತಡೆಯಲು ಜಲಾಶಯಗಳು ಬೇಕೆಂದು ಅವರು ಸೂಚಿಸಿದರು. ಅದರ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಬಂದವು. ಅದರೊಡನೆ ನಗರದ ಒಳಚರಂಡಿಯ ಯೋಜನೆಯನ್ನೂ ಅವರು ರೂಪಿಸಿದರು. ನದಿಯನ್ನೂ ಚರಂಡಿಯನ್ನೂ ಒಂದೇ ಕಡತದಲ್ಲಿ ನೋಡುವ ಬುದ್ಧಿ ಆ ಕನ್ನಡಿಗ ಎಂಜಿನಿಯರಿಗೆ ನೂರು ವರ್ಷಗಳಿಗೂ ಹಿಂದೆಯೇ ಇತ್ತು. ಇಂದು ನಮ್ಮ ನಗರಗಳಲ್ಲಿ ಅವೆರಡೂ ಬೇರೆ ಬೇರೆ ಕಚೇರಿಗಳಲ್ಲಿ ಮಲಗಿವೆ.

ಹಾಗಾದರೆ ನಮ್ಮಂಥ ಸಂಘಗಳು ಮಾಡಬಹುದಾದುದೇನು? ನಮ್ಮ ವಸತಿ ಸಮುಚ್ಚಯದ ಕೊಳಚೆ ಯಾವ ನಾಲೆಗೆ, ಯಾವ ಘಟಕಕ್ಕೆ ಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಮೊದಲ ಕೆಲಸ. ಈ ಸಭಾಂಗಣದಲ್ಲಿ ಎಷ್ಟು ಜನರಿಗೆ ಅದು ಗೊತ್ತು ಎಂದು ಕೈಯೆತ್ತಿಸಿ ನಿಮ್ಮನ್ನು ಮುಜುಗರಕ್ಕೆ ಈಡುಮಾಡುವುದಿಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ನನಗೂ ಗೊತ್ತಿರಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಲಿಗಳು ನದಿನೀರಿನ ಪರೀಕ್ಷೆಯ ಅಂಕಿಗಳನ್ನು ಪ್ರಕಟಿಸುತ್ತವೆ. ಘಟಕ ಎಷ್ಟು ದಿನ ನಡೆಯಿತು, ಹೊರಬಿಟ್ಟ ನೀರಿನ ಬಿ.ಓ.ಡಿ. ಎಷ್ಟಿತ್ತು ಎಂಬುದನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಹತ್ತು ರೂಪಾಯಿಯ ಶುಲ್ಕ ಕಟ್ಟಿ ಕೇಳಬಹುದು. ನಮ್ಮಲ್ಲಿ ನಿವೃತ್ತ ಎಂಜಿನಿಯರುಗಳಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ರಸಾಯನಶಾಸ್ತ್ರದ ಅಧ್ಯಾಪಕರಿದ್ದಾರೆ. ತಿಂಗಳಿಗೊಮ್ಮೆ ಒಂದೇ ನಾಲೆಯನ್ನು ನೋಡಿ, ಒಂದೇ ಪುಸ್ತಕದಲ್ಲಿ ಬರೆದಿಟ್ಟು, ಒಂದೇ ಕಚೇರಿಗೆ ಹೋಗಿ ಪ್ರಶ್ನಿಸುವ ನಾಲ್ವರು ಸಿಕ್ಕರೂ ಅದು ಸಣ್ಣ ಕೆಲಸವಲ್ಲ.

ದಡದ ಸ್ವಚ್ಛತೆಗೆ ಇಳಿಯುವ ತರುಣರಿಗೆ ಒಂದು ಎಚ್ಚರಿಕೆ. ಉತ್ಸಾಹದಲ್ಲಿ ಬರಿಗಾಲಿನಲ್ಲಿ, ಬರಿಗೈಯಲ್ಲಿ ಕೊಳಚೆಗೆ ಇಳಿಯಬಾರದು. ಗಾಜಿನ ಚೂರು, ಸೂಜಿಗಳ ಅಪಾಯದ ಜೊತೆಗೆ ಇಲಿಜ್ವರದ ಭಯವೂ ಉಂಟು. ಮುಚ್ಚಿದ ಚರಂಡಿಯೊಳಗೆ, ಮ್ಯಾನ್‌ಹೋಲಿನೊಳಗೆ ಯಾರನ್ನೂ ಇಳಿಸಲೇಕೂಡದು. ಅಲ್ಲಿಯ ವಿಷಾನಿಲ ಕ್ಷಣಮಾತ್ರದಲ್ಲಿ ಪ್ರಾಣ ತೆಗೆಯುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಅಂಥ ಕೆಲಸಕ್ಕೆ ಯಾರನ್ನಾದರೂ ಹಚ್ಚುವುದು 2013ರ ಅಧಿನಿಯಮದಂತೆ ಅಪರಾಧವೂ ಹೌದು.

ಸುಲ್ತಾನ್‌ಪುರ ಲೋಧಿಗೆ ಹೋಗಿಬರುವುದು ಕಷ್ಟವೇನಲ್ಲ. ದೆಹಲಿಯಿಂದ ಜಲಂಧರಿಗೆ ಅನೇಕ ರೈಲುಗಳಿವೆ. ಅಲ್ಲಿಂದ ಫಿರೋಜ್‌ಪುರದ ಮಾರ್ಗದಲ್ಲಿ, ಕಪೂರ್ಥಲಾ ದಾಟಿದ ಮೇಲೆ ಈ ನಿಲ್ದಾಣ ಸಿಗುತ್ತದೆ. ಬೇರ್ ಸಾಹಿಬ್ ಗುರುದ್ವಾರದ ಎದುರಿನ ಘಟ್ಟದಲ್ಲಿ ಕುಳಿತು ನದಿಯನ್ನು ನೋಡಬಹುದು, ಲಂಗರಿನಲ್ಲಿ ಊಟವೂ ಆಗುತ್ತದೆ. ಹೋದವರು ಅಷ್ಟಕ್ಕೇ ಹಿಂದಿರುಗದೆ ಸೀಚೇವಾಲ್ ಹಳ್ಳಿಗೂ ಹೋಗಿ, ಊರ ಹೊರಗಿನ ಆ ಗುಂಡಿಗಳನ್ನೂ ಕೊಳವನ್ನೂ, ಅಲ್ಲಿಂದ ಹೊಲಗಳ ಕಡೆಗೆ ಹೋಗುವ ಕೊಳವೆಯನ್ನೂ ನೋಡಿಕೊಂಡು ಬನ್ನಿ. ಸೀಚೇವಾಲಿನ ದಾರಿಯನ್ನು ಘಟ್ಟದ ಬಳಿ ಯಾರನ್ನು ಕೇಳಿದರೂ ತೋರಿಸುತ್ತಾರೆ.